ಶೋಲಾಕಿಳಿ

ಶೋಲಾಕಿಳಿ ಪಶ್ಚಿಮಘಟ್ಟದ ದಕ್ಷಿಣಾರ್ಧದ ಎತ್ತರದ ಬೆಟ್ಟಗಳಲ್ಲಿ, ಮಂಜು ಕವಿದ ಒದ್ದೆ ಕಾಡುಗಳಲ್ಲಿ ಮಾತ್ರ ಬದುಕುವ ಪುಟ್ಟ ಹಾಡುಹಕ್ಕಿ. ಹುಳುಹುಪ್ಪಟೆಯೇ ಮುಖ್ಯ ಆಹಾರ. ಹೆಸರಿನ ಕೊನೆಗೆ ಕಿಳಿ ಎಂದಿದ್ದರೂ ಗಿಳಿಯ ಜಾತಿಗೂ ಇದಕ್ಕೂ ಯಾವ ನಂಟೂ ಇಲ್ಲ. ಶೋಲಿಕೋಲ ಎಂಬ ಕುಲದಲ್ಲಿ ಇದನ್ನು ಇರಿಸಲಾಗಿದೆ. ಆ ಕುಲದ ಹಕ್ಕಿ ಜಗತ್ತಿನ ಬೇರೆಲ್ಲೂ ಇಲ್ಲ. ಪಾಲಕ್ಕಾಡ್ ಕಣಿವೆಯ ಉತ್ತರದ ಬೆಟ್ಟಗಳಲ್ಲಿ ನೀಲಗಿರಿ ಶೋಲಾಕಿಳಿ, ದಕ್ಷಿಣದವುಗಳಲ್ಲಿ ಬಿಳಿಹೊಟ್ಟೆಯ ಶೋಲಾಕಿಳಿ, ಇನ್ನೂ ಕೆಳಗೆ ಅಗಸ್ತ್ಯಮಲೆಯ ಸುತ್ತಿನ ಆಶಾಂಬು ಬೆಟ್ಟಗಳಲ್ಲಿ 2017ರಲ್ಲಿ ಹೆಸರು ಪಡೆದ ಮೂರನೆಯದು. ಕರ್ನಾಟಕದಲ್ಲಿ ಇರುವುದು ಮೊದಲನೆಯದು ಮಾತ್ರ. ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿ ಸಾಲು ಮತ್ತು ಕೊಡಗಿನ ಬ್ರಹ್ಮಗಿರಿ ಅದರ ಗೊತ್ತಾದ ನೆಲೆಗಳು.

ಬಣ್ಣದಲ್ಲಿ ನವಿಲಲ್ಲ, ಗಾತ್ರದಲ್ಲಿ ಗಮನ ಸೆಳೆಯುವಂಥದ್ದಲ್ಲ. ಆದರೂ ಭಾರತದ ಹಕ್ಕಿ ವಿಜ್ಞಾನದಲ್ಲಿ ಈ ಪುಟ್ಟ ಜೀವಕ್ಕೆ ದೊಡ್ಡ ಜಾಗ ಸಿಕ್ಕಿದೆ. ಬೆಟ್ಟಗಳ ನಡುವಿನ ಬಿಸಿಲ ಕಣಿವೆಯೊಂದು ಒಂದೇ ಹಕ್ಕಿಯನ್ನು ಹೇಗೆ ಎರಡಾಗಿಸುತ್ತದೆ ಎಂಬುದಕ್ಕೆ ನಮ್ಮ ನೆಲದಲ್ಲಿ ಇಷ್ಟು ವಿವರವಾಗಿ ಓದಿಕೊಂಡ ಉದಾಹರಣೆಗಳು ಕಡಿಮೆ. ಆ ಓದಿನ ಪ್ರಯೋಗಾಲಯದ ಕೆಲಸ ಬಹುಪಾಲು ನಡೆದದ್ದು ಬೆಂಗಳೂರಿನಲ್ಲಿ.

ರೂಪ

ಕೊಕ್ಕಿನ ತುದಿಯಿಂದ ಬಾಲದ ತುದಿಯವರೆಗೆ ಸುಮಾರು 15 ಸೆಂ.ಮೀ. ಉದ್ದ, ಹೆಚ್ಚುಕಡಿಮೆ ಗುಬ್ಬಚ್ಚಿಯಷ್ಟು. ಆದರೆ ನಿಲುವು ಗುಬ್ಬಚ್ಚಿಯದಲ್ಲ. ಮೈ ದುಂಡು, ಬಾಲ ಮೋಟು, ಕಾಲು ಮೈಗೆ ಮೀರಿದ ಉದ್ದ. ರೆಕ್ಕೆ ಚಿಕ್ಕದು, ತುದಿ ಗುಂಡಗೆ. ದೂರ ಹಾರುವ ಹಕ್ಕಿಯ ರೆಕ್ಕೆ ಉದ್ದವಾಗಿ ಮೊನಚಾಗಿರುತ್ತದೆ, ಪೊದೆಯೊಳಗೆ ನುಸುಳುವುದರ ರೆಕ್ಕೆ ಹೀಗೆ ಗುಂಡಗಾಗುತ್ತದೆ. ಉದ್ದ ಕಾಲು ತರಗೆಲೆಯ ಮೇಲೆ ಕುಪ್ಪಳಿಸಲು ಬೇಕು. ಈ ಎರಡು ಅಂಗಗಳನ್ನು ನೋಡಿದರೆ ಸಾಕು, ಹಕ್ಕಿಯ ದಿನಚರಿಯನ್ನು ಅರ್ಧ ಊಹಿಸಬಹುದು.

ನೀಲಗಿರಿ ಶೋಲಾಕಿಳಿಯ ತಲೆ, ಬೆನ್ನು, ಕತ್ತು, ಎದೆಯೆಲ್ಲ ಬೂದು ಬೆರೆತ ನೀಲಿ. ಪಕ್ಕೆಗಳು ಮತ್ತು ಬಾಲದ ಬುಡದ ಕೆಳಗು ಇಟ್ಟಿಗೆಗೆಂಪು, ಹೊಟ್ಟೆಯ ನಡುಭಾಗ ಬಿಳಿ. ಕೊಕ್ಕಿಗೂ ಕಣ್ಣಿಗೂ ನಡುವೆ ಕಪ್ಪು, ಅದರ ಮೇಲೆ ಮಸುಕಾದ ತಿಳಿನೀಲಿ ಹುಬ್ಬು. ಬಿಳಿಹೊಟ್ಟೆಯದರ ನೀಲಿ ಇನ್ನಷ್ಟು ಗಾಢ, ಹುಬ್ಬು ಹೆಚ್ಚು ಎದ್ದು ಕಾಣುತ್ತದೆ. ಅದರ ಪಕ್ಕೆಯಲ್ಲಿ ಕೆಂಪಿಲ್ಲ, ಬೂದುನೀಲಿಯೇ ಇಳಿದು ಬಂದು ಹೊಟ್ಟೆಯ ಬಿಳುಪಿಗೆ ಸೇರುತ್ತದೆ. ಹಾಗಾಗಿ ಕೈಯಲ್ಲಿ ಹಿಡಿದು ನೋಡಿದರೆ ಎರಡನ್ನೂ ಬೇರೆ ಮಾಡುವುದು ಕಷ್ಟವಲ್ಲ. ಕಾಡಿನ ಕತ್ತಲಲ್ಲಿ ಅಷ್ಟು ಸಲೀಸಲ್ಲ, ಆದರೆ ಅಲ್ಲಿ ಬಣ್ಣಕ್ಕಿಂತ ಬೆಟ್ಟವೇ ಗುರುತು ಹೇಳುತ್ತದೆ. ಒಂದು ಇರುವ ಬೆಟ್ಟದಲ್ಲಿ ಇನ್ನೊಂದು ಇರುವುದಿಲ್ಲ.

ಗಂಡು, ಹೆಣ್ಣು ನೋಡಲು ಬಹುಮಟ್ಟಿಗೆ ಒಂದೇ. ಮರಿಗಳ ಮೈಮೇಲೆ ಚುಕ್ಕೆಗಳಿರುತ್ತವೆ.

ಚಳಿಗಾಲದಲ್ಲಿ ಮಲೆನಾಡಿನ ಬೆಟ್ಟಗಳಲ್ಲಿ ಹಕ್ಕಿ ನೋಡುವವರನ್ನು ಗಲಿಬಿಲಿಗೊಳಿಸುವ ಇನ್ನೊಂದು ನೀಲಿ ಹಕ್ಕಿಯಿದೆ. ಹಿಮಾಲಯದಲ್ಲಿ ಮರಿ ಮಾಡಿ ಪಶ್ಚಿಮಘಟ್ಟಕ್ಕೂ ಶ್ರೀಲಂಕೆಗೂ ವಲಸೆ ಬರುವ ನೀಲಿ ರಾಬಿನ್ ಅದು. ಅದೂ ನೆಲದ ಮೇಲೇ ಓಡಾಡುತ್ತದೆ, ಅದರ ಗಂಡಿಗೂ ನೀಲಿ ಬೆನ್ನು, ಬಿಳಿ ಹುಬ್ಬು. ಆದರೆ ಅದರ ಗಂಟಲು ಮತ್ತು ಎದೆ ಕಿತ್ತಳೆಗೆಂಪು, ಶೋಲಾಕಿಳಿಯ ಎದೆ ನೀಲಿ. ಹೆಸರು ಕೇಳಿ ಮೋಸಹೋಗುವಂಥದು ಮತ್ತೊಂದು: ಬಿಳಿಹೊಟ್ಟೆಯ ನೀಲಿ ನೊಣಹಿಡುಕ. ಅದರ ಕಾಡು ಇನ್ನೂ ಕೆಳಗಿನದು.

ನೆಲೆ ಮತ್ತು ನಡವಳಿಕೆ

ಶೋಲಾ ಕಾಡನ್ನು ತಿಳಿಯದೆ ಈ ಹಕ್ಕಿಯನ್ನು ತಿಳಿಯಲಾಗದು. ಸುಮಾರು 1,400 ಮೀಟರ್ ದಾಟಿದ ಮೇಲೆ ಪಶ್ಚಿಮಘಟ್ಟದ ಬೆಟ್ಟಗಳ ಮೈ ಬದಲಾಗುತ್ತದೆ. ಗಾಳಿಗೆ ಒಡ್ಡಿದ ಇಳಿಜಾರೆಲ್ಲ ಹುಲ್ಲು, ನೀರಿಳಿಯುವ ಮಡಿಕೆಗಳಲ್ಲಿ ಮಾತ್ರ ಕಾಡು. ಕಾಡೆಂದರೆ ಕೆಳಗಿನ ಘಟ್ಟದ ಮುಗಿಲೆತ್ತರದ ಮರಗಳಲ್ಲ. ಗಿಡ್ಡನೆಯ, ತಿರುಚಿದ, ಪಾಚಿ ಮತ್ತು ಕಲ್ಲುಹೂವು ಹೊದ್ದ ಮರಗಳು ಒಂದರ ತಲೆಗೊಂದು ತಾಗಿ ನಿಂತಿರುತ್ತವೆ. ನೇರಳೆಯ ಬಂಧುಗಳು, ಬೆಟ್ಟಸಂಪಿಗೆ, ನೀಲಗಿರಿಯ ಕಡೆ ಕೆಂಪು ಹೂವಿನ ರೋಡೊಡೆಂಡ್ರಾನ್. ಅದರ ಕೆಳಗೆ ಗುರಿಗೆಯ ಜಾತಿಯ ಪೊದೆಗಳು, ಜರೀಗಿಡ, ಕೊಳೆಯುತ್ತಿರುವ ದಿಮ್ಮಿ, ಅಂಗೈ ದಪ್ಪದ ತರಗೆಲೆ. ಪ್ರತಿ ಮಡಿಕೆಯಲ್ಲೂ ಒಂದು ಝರಿ. ಮಧ್ಯಾಹ್ನವೂ ಒಳಗೆ ಸಂಜೆಯ ಬೆಳಕು. ಮಳೆಗಾಲದಲ್ಲಿ ಒಳಹೊಕ್ಕವರಿಗೆ ಮೊದಲು ಸಿಗುವುದು ಹಕ್ಕಿಯಲ್ಲ, ಉಂಬಳ.

ಶೋಲಾಕಿಳಿ ಬದುಕುವುದು ಈ ಕಾಡಿನ ಕೆಳಗಿನ ಒಂದೆರಡು ಮೀಟರಿನಲ್ಲಿ. ನೆಲದ ಮೇಲೆ ಎರಡು ಹೆಜ್ಜೆ ಕುಪ್ಪಳಿಸಿ ನಿಲ್ಲುತ್ತದೆ, ಎಲೆ ಸರಿಸಿ ನೋಡುತ್ತದೆ, ಮತ್ತೆ ಕುಪ್ಪಳಿಸುತ್ತದೆ. ಕೀಟ ಮತ್ತು ಅವುಗಳ ಮರಿಹುಳು, ಜೇಡ ಮುಂತಾದವು ಅದರ ಊಟ. ಗಾಬರಿಯಾದರೆ ಮೇಲಕ್ಕೆ ಹಾರುವುದಿಲ್ಲ, ನೆಲಕ್ಕೆ ಸಮಾಂತರವಾಗಿ ಹಾರಿ ಹತ್ತಿರದ ಪೊದೆಯೊಳಗೆ ಕರಗಿಬಿಡುತ್ತದೆ. ಬೆಳಗ್ಗೆ ತುಸು ಹೊತ್ತು, ಸಂಜೆ ಮಬ್ಬಿನಲ್ಲಿ ತುಸು ಹೊತ್ತು, ಕಾಡಿನ ಅಂಚಿಗೂ ಕಾಲುದಾರಿಗೂ ಬರುವುದುಂಟು. ನಡುಗಾಡಿಗೆ ನುಗ್ಗಿ ಹುಡುಕುವವರಿಗಿಂತ ದಾರಿಯ ಬದಿಯಲ್ಲಿ ಅಲುಗಾಡದೆ ಕೂತವರಿಗೆ ಇದು ಹೆಚ್ಚು ಕಾಣಿಸಿಕೊಂಡಿದೆ. ಊಟಿ, ಮುನ್ನಾರ್, ಕೊಡೈಕೆನಾಲಿನ ಪ್ರವಾಸಿ ದಾರಿಗಳ ಪಕ್ಕದ ಸಣ್ಣ ಶೋಲಾ ತುಣುಕುಗಳಲ್ಲೂ, ನೀಲಗಿರಿಯ ಅತಿ ಎತ್ತರದ ಶಿಖರವಾದ ದೊಡ್ಡಬೆಟ್ಟದ ಇಳಿಜಾರಿನಲ್ಲೂ ಇದನ್ನು ನೋಡಿದವರಿದ್ದಾರೆ. ಎಂದರೆ ಮನುಷ್ಯನ ಸದ್ದಿಗೆ ಇದು ವಿಪರೀತ ಹೆದರುವುದಿಲ್ಲ. ಅದಕ್ಕೆ ಬೇಕಾದದ್ದು ತೇವ, ನೆರಳು, ದಟ್ಟ ಪೊದೆ. ಇವು ಮೂರೂ ಇದ್ದರೆ ಕಾಡಿನ ತುಣುಕು ಸಣ್ಣದಾದರೂ ಹೊಂದಿಕೊಳ್ಳುತ್ತದೆ. ಆದರೆ ಒಂದು ತುಣುಕಿನಿಂದ ಇನ್ನೊಂದಕ್ಕೆ ಹೋಗಬೇಕೆಂದಾಗ ಪರಿಸ್ಥಿತಿ ಬೇರೆಯೇ ಆಗುತ್ತದೆ.

ಇದರ ನೆರೆಹೊರೆಯೂ ವಿಶಿಷ್ಟವೇ. ಕಪ್ಪು‑ಕಿತ್ತಳೆ ನೊಣಹಿಡುಕ, ನೀಲಗಿರಿ ನೊಣಹಿಡುಕ, ನೀಲಗಿರಿ ಕಾಡುಪಾರಿವಾಳ, ಬೆಟ್ಟಕ್ಕೊಂದು ಜಾತಿಯ ನಗೆಮಲ್ಲಗಳು. ಇವೆಲ್ಲ ಪಶ್ಚಿಮಘಟ್ಟ ಬಿಟ್ಟರೆ ಇನ್ನೆಲ್ಲೂ ಇಲ್ಲ. ಮಲಬಾರ್ ಸಿಳ್ಳಾರವೂ ಅದೇ ಝರಿಯಲ್ಲಿ ಇರುತ್ತದೆ, ಆದರೆ ಅದಕ್ಕೆ ಎತ್ತರದ ಹಂಗಿಲ್ಲ, ತಪ್ಪಲಿನ ಹಳ್ಳದಲ್ಲೂ ಸಿಳ್ಳೆ ಹಾಕುತ್ತದೆ.

ಹಾಡು

ನೋಡಲು ಸಿಗದ ಹಕ್ಕಿ ಇದು, ಕೇಳಲು ಧಾರಾಳವಾಗಿ ಸಿಗುತ್ತದೆ. ಮುಂಗಾರಿಗೆ ಮುಂಚಿನ ತಿಂಗಳುಗಳಲ್ಲಿ ಹಾಡು ಏರುತ್ತದೆ. ಪೊದೆಯ ತಗ್ಗು ಕೊಂಬೆಯಲ್ಲಿ ಕೂತು, ಬಾಯಿ ತೆರೆದದ್ದೇ ತಡ, ಸಿಳ್ಳೆಯ ಮೇಲೆ ಸಿಳ್ಳೆ, ನಡುನಡುವೆ ಗರಗರ ಸದ್ದು, ಮತ್ತೆ ಸಿಳ್ಳೆ. ಒಂದೇ ತುಣುಕನ್ನು ಅದೇ ಕ್ರಮದಲ್ಲಿ ಮತ್ತೆ ಮತ್ತೆ ಹಾಡುವ ಹಕ್ಕಿಗಳ ಸಾಲಿಗೆ ಇದು ಸೇರದು. ಸ್ವರಗಳನ್ನು ಅದಲುಬದಲು ಮಾಡುತ್ತ ಉದ್ದಕ್ಕೆ ಎಳೆಯುತ್ತದೆ. ಗಾಬರಿಯ ಕೂಗು ಬೇರೆ, ಚುಟುಕು, ಒರಟು.

ವಿಜ್ಞಾನಿಗಳಾದ ವಿ. ವಿ. ರಾಬಿನ್, ಮಧುಸೂದನ ಕಟ್ಟಿ ಮತ್ತು ಸಂಗಡಿಗರು ಬೇರೆ ಬೇರೆ ಬೆಟ್ಟಗಳಲ್ಲಿ ಈ ಹಾಡನ್ನು ದಾಖಲಿಸಿಕೊಂಡು, ಸ್ವರಗಳ ಎತ್ತರ, ಉದ್ದ, ವೈವಿಧ್ಯವನ್ನು ಅಳೆದು 2011ರಲ್ಲಿ ಪ್ರಕಟಿಸಿದರು. ಬೆಟ್ಟದಿಂದ ಬೆಟ್ಟಕ್ಕೆ ಹಾಡು ಬದಲಾಗುತ್ತದೆ ಎಂಬುದು ಅದರ ತಿರುಳು. ಹಾಡುಹಕ್ಕಿಗಳು ಮರಿಯಾಗಿದ್ದಾಗ ಸುತ್ತಲಿನ ದೊಡ್ಡವುಗಳಿಂದ ಹಾಡು ಕಲಿಯುತ್ತವೆ. ಕಲಿಯುವಾಗ ಸಣ್ಣ ತಪ್ಪುಗಳಾಗುತ್ತವೆ, ತಪ್ಪೇ ಮುಂದಿನ ತಲೆಮಾರಿನ ಪಾಠವಾಗುತ್ತದೆ. ಎರಡು ಬೆಟ್ಟಗಳ ನಡುವೆ ಹಕ್ಕಿಗಳ ಓಡಾಟ ನಿಂತರೆ ತಪ್ಪುಗಳು ಎರಡು ದಿಕ್ಕಿನಲ್ಲಿ ಬೆಳೆಯುತ್ತವೆ. ಮುಖ್ಯವಾದ ವಿಷಯ ಇಲ್ಲೇ ಇದೆ: ಹಾಡು ಬೇರೆಯಾಯಿತೆಂದರೆ ಗಡಿ ದಾಟಿ ಬಂದ ಒಂಟಿ ಗಂಡಿನ ಹಾಡಿಗೆ ಅಲ್ಲಿನ ಹೆಣ್ಣು ಓಗೊಡದೆ ಹೋಗಬಹುದು. ಕಣಿವೆ ಶುರುಮಾಡಿದ ಅಗಲಿಕೆಯನ್ನು ಹಾಡು ಮುಂದುವರಿಸುತ್ತದೆ.

ಗೂಡು, ಮರಿ

ಏಪ್ರಿಲ್‌ನಿಂದ ಜೂನ್‌ವರೆಗೆ, ಭಾರಿ ಮಳೆ ಹಿಡಿಯುವ ಮುನ್ನ, ಗೂಡು. ಮರದ ಪೊಟರೆ ಅಥವಾ ದಿಣ್ಣೆಯ ಮಣ್ಣಿನ ಬಿರುಕು, ನೆಲದಿಂದ ಹೆಚ್ಚು ಎತ್ತರದಲ್ಲಿರದ ಜಾಗ. ಪಾಚಿ ಮತ್ತು ನಾರುಬೇರುಗಳ ಬಟ್ಟಲು. ಸಾಮಾನ್ಯವಾಗಿ ಎರಡು ಮೊಟ್ಟೆ, ಬೂದುಹಸಿರಿನ ಮೇಲೆ ಕಂದು ಮಚ್ಚೆ. ಗಂಡು, ಹೆಣ್ಣು ಎರಡೂ ಆರೈಕೆಯಲ್ಲಿ ಪಾಲುಗೊಳ್ಳುತ್ತವೆ. ಎರಡೇ ಮೊಟ್ಟೆ ಎಂಬುದನ್ನು ಗಮನಿಸಬೇಕು. ಉಷ್ಣವಲಯದ ಬೆಟ್ಟಗಾಡಿನ ಅನೇಕ ಹಕ್ಕಿಗಳು ಹೀಗೆ ಕಡಿಮೆ ಇಟ್ಟು ನಿಧಾನ ಬದುಕುತ್ತವೆ. ಒಂದು ವರ್ಷ ಗೂಡು ಕೆಟ್ಟರೆ ಮುಂದಿನ ವರ್ಷ ಐದಾರು ಮರಿ ಮಾಡಿ ನಷ್ಟ ತುಂಬಿಕೊಳ್ಳುವ ದಾರಿ ಅವಕ್ಕಿಲ್ಲ.

ಮನೆತನದ ಹುಡುಕಾಟ

ಈ ಹಕ್ಕಿಯನ್ನು ವಿಜ್ಞಾನಕ್ಕೆ ಪರಿಚಯಿಸಿದವನು ಮದ್ರಾಸ್ ಸೇನೆಯ ವೈದ್ಯನಾಗಿದ್ದ ಥಾಮಸ್ ಜೆರ್ಡನ್. 1840ರ ದಶಕದಲ್ಲಿ ನೀಲಗಿರಿಯ ಹಕ್ಕಿಯನ್ನು ವಿವರಿಸಿದಾಗ ಅವನು ಅದನ್ನು ಸೇರಿಸಿದ್ದು ಕೆಂಬಾಲದ ಚಟಕಗಳ ಕುಲಕ್ಕೆ. ಅವನಿಟ್ಟ ಮೇಜರ್ ಎಂಬ ಪ್ರಭೇದದ ಹೆಸರು ಇಂದಿಗೂ ಉಳಿದಿದೆ, ಕುಲ ಮಾತ್ರ ಉಳಿಯಲಿಲ್ಲ. ಸುಮಾರು ಇಪ್ಪತ್ತೈದು ವರ್ಷ ಕಳೆದ ಮೇಲೆ, 1860ರ ದಶಕದಲ್ಲಿ, ಭಾರತೀಯ ಭೂವಿಜ್ಞಾನ ಸರ್ವೇಕ್ಷಣೆಯಲ್ಲಿದ್ದ ವಿಲಿಯಂ ಬ್ಲಾನ್‌ಫೋರ್ಡ್ ಪಳನಿ ಬೆಟ್ಟಗಳ ಹಕ್ಕಿಯನ್ನು ಬೇರೆ ಪ್ರಭೇದವೆಂದು ಹೆಸರಿಸಿದ. ಕಲ್ಲುಬಂಡೆ ಓದುವುದು ಅವನ ಉದ್ಯೋಗ, ಹಕ್ಕಿ, ಹಾವು, ಶಂಖುಹುಳು ಅವನ ಗೀಳು. ಪಳನಿಯ ನಗೆಮಲ್ಲಕ್ಕೆ ಪಾದ್ರಿ ಫೇರ್‌ಬ್ಯಾಂಕ್‌ನ ಹೆಸರಿಟ್ಟವನೂ ಅವನೇ.

ಆಮೇಲೆ ಇಪ್ಪತ್ತನೆಯ ಶತಮಾನದ ಬಹುಕಾಲ ಇವೆರಡನ್ನೂ ಒಂದೇ ಪ್ರಭೇದದ ಎರಡು ರೂಪಗಳೆಂದು ಕೂಡಿಸಿ, ಏಷ್ಯಾದ ಮೋಟುರೆಕ್ಕೆಯ ಹಕ್ಕಿಗಳ ಕುಲವಾದ ಬ್ರಾಕಿಪ್ಟೆರಿಕ್ಸ್‌ಗೆ ದಾಖಲಿಸಿದರು. ಪಕ್ಷಿತಜ್ಞರಾದ ಸಲೀಂ ಅಲಿ ಮತ್ತು ರಿಪ್ಲಿ ತಮ್ಮ ಹಕ್ಕಿಗಳ ಕೈಪಿಡಿಯಲ್ಲಿ ಇದನ್ನೇ ಅನುಸರಿಸಿದರು, ಹಾಗಾಗಿ ಹಳೆಯ ತಲೆಮಾರಿನ ಪಕ್ಷಿವೀಕ್ಷಕರ ಬಾಯಲ್ಲಿ ಇದು ಇವತ್ತಿಗೂ ಶಾರ್ಟ್‌ವಿಂಗ್. 2005ರಲ್ಲಿ ಪಮೇಲಾ ರಾಸ್ಮುಸ್ಸೆನ್ ಮತ್ತು ಜಾನ್ ಆಂಡರ್ಟನ್ ದಕ್ಷಿಣ ಏಷ್ಯಾದ ಹಕ್ಕಿಗಳ ಕುರಿತ ತಮ್ಮ ಗ್ರಂಥದಲ್ಲಿ ಎರಡನ್ನೂ ಮತ್ತೆ ಬೇರ್ಪಡಿಸಿ, ಮಯೋಮೆಲ ಎಂಬ ರಾಬಿನ್‌ಗಳ ಕುಲಕ್ಕೆ ಸಾಗಿಸಿದರು. ಪುಸ್ತಕಗಳಲ್ಲಿ ಶೋಲಾಕಿಳಿಗೂ ನೀಲಿ ರಾಬಿನ್ ಎಂಬ ಹೆಸರು ಬಂದದ್ದು ಹೀಗೆ.

ಇಷ್ಟೆಲ್ಲ ಅಲೆದಾಟಕ್ಕೆ ಕಾರಣ ಪಂಡಿತರ ಹಠವಲ್ಲ. ಉದ್ದ ಕಾಲು, ಮೋಟು ರೆಕ್ಕೆ, ನೆಲದ ಮೇಲಿನ ಬದುಕು: ಇವನ್ನು ಕಂಡವರು ಯಾರೇ ಆದರೂ ಇದನ್ನು ನೆಲದ ರಾಬಿನ್‌ಗಳ ಬಳಗಕ್ಕೆ ಸೇರಿಸುತ್ತಿದ್ದರು. ಸತ್ತ ಹಕ್ಕಿಯ ಚರ್ಮವನ್ನು ಮೇಜಿನ ಮೇಲಿಟ್ಟು ಅಳೆದಾಗ ಸಿಗುವ ಸಾಕ್ಷಿಯೇ ಅಷ್ಟು. 2017ರಲ್ಲಿ ರಾಬಿನ್, ಸಿ. ಕೆ. ವಿಷ್ಣುದಾಸ್, ಪೂಜಾ ಗುಪ್ತಾ, ಉಮಾ ರಾಮಕೃಷ್ಣನ್, ಸುಷ್ಮಾ ರೆಡ್ಡಿ ಮುಂತಾದವರ ತಂಡ ವಂಶವಾಹಿ, ಮೈಯಳತೆ, ಗರಿಯ ಬಣ್ಣ, ಹಾಡು ನಾಲ್ಕನ್ನೂ ಕೂಡಿಸಿ ನೋಡಿದಾಗ ಬೇರೆಯೇ ಉತ್ತರ ಬಂತು. ಇದು ರಾಬಿನ್ ಅಲ್ಲ, ಶಾರ್ಟ್‌ವಿಂಗ್ ಅಂತೂ ಅಲ್ಲ. ಇದರ ಹತ್ತಿರದ ಬಂಧುಗಳು ನೀಲಿ ನೊಣಹಿಡುಕಗಳು, ನಿಲ್ಟಾವಗಳು. ಎಂದರೆ ಕೊಂಬೆಯ ಮೇಲೆ ನೆಟ್ಟಗೆ ಕೂತು ಗಾಳಿಗೆ ಜಿಗಿದು ನೊಣ ಹಿಡಿಯುವ ವಂಶದ ಕವಲೊಂದು ಕತ್ತಲ ಕಾಡಿನ ನೆಲಕ್ಕಿಳಿದು, ಕಾಲು ಬೆಳೆಸಿಕೊಂಡು, ರೆಕ್ಕೆ ಮೊಟಕಾಗಿಸಿಕೊಂಡು, ರಾಬಿನ್‌ನ ರೂಪ ತಾಳಿತು. ನೆಲದ ಬದುಕು ದೂರದ ವಂಶಗಳನ್ನೂ ಒಂದೇ ಅಚ್ಚಿಗೆ ಎರಕ ಹೊಯ್ಯುತ್ತದೆ ಎಂಬುದು ವಿಕಾಸವಾದದ ಹಳೆಯ ಪಾಠ, ಶೋಲಾಕಿಳಿ ಅದಕ್ಕೆ ಸೊಗಸಾದ ಪುರಾವೆ. ಇದು ರಾಬಿನ್ ಅಲ್ಲವೆಂದು ತೋರಿಸಿದ ಮುಖ್ಯ ವಿಜ್ಞಾನಿಯ ಹೆಸರೇ ರಾಬಿನ್ ಎಂಬುದು ಕಾಕತಾಳೀಯ.

ಇದ್ದ ಯಾವ ಕುಲಕ್ಕೂ ಹೊಂದದ್ದರಿಂದ ಶೋಲಿಕೋಲ ಎಂಬ ಹೊಸ ಕುಲ ಕಟ್ಟಬೇಕಾಯಿತು. ಅದೇ ಪ್ರಬಂಧದಲ್ಲಿ ಶೋಲಾ ಬೆಟ್ಟಗಳ ನಗೆಮಲ್ಲಗಳಿಗೂ ಮೊಂಟೆಸಿಂಕ್ಲ ಎಂಬ ಹೊಸ ಕುಲ ಬಂತು. ಎರಡು ಕುಲಗಳೂ ಏಷ್ಯಾದ ತಮ್ಮ ಬಂಧುಗಳಿಂದ ಮಯೊಸೀನ್ ಯುಗದಷ್ಟು ಹಿಂದೆಯೇ ಬೇರೆಯಾದವು ಎಂಬುದು ತಂಡದ ಲೆಕ್ಕ. ಚೆನ್ನಾಗಿ ಓದಿ ಮುಗಿಸಿದೆವೆಂದುಕೊಂಡಿದ್ದ ಭಾರತದ ಹಕ್ಕಿಗಳ ನಡುವೆ, ಅದೂ ಗಿರಿಧಾಮಗಳ ಹಿತ್ತಲಲ್ಲಿ, ಹೊಸ ಕುಲಗಳು ಅಡಗಿದ್ದವು ಎಂಬುದು ಸಣ್ಣ ಸುದ್ದಿಯಲ್ಲ.

ಕಣಿವೆಗಳು ಮಾಡಿದ್ದು

ಶೋಲಾ ಬೆಟ್ಟಗಳನ್ನು ವಿಜ್ಞಾನಿಗಳು ಆಕಾಶದ್ವೀಪಗಳೆಂದು ಕರೆಯುತ್ತಾರೆ. ಸುತ್ತ ಸಮುದ್ರದ ಬದಲು ಬಿಸಿಲ ಬಯಲು. ತಂಪು ತೇವಕ್ಕೆ ಒಗ್ಗಿದ ಹಕ್ಕಿಗೆ ಆ ಬಯಲು ಉಪ್ಪುನೀರಿನಷ್ಟೇ ದಾಟಲಾಗದ್ದು. ಈ ದ್ವೀಪಗಳ ನಡುವಿನ ಅತಿದೊಡ್ಡ ಜಲಸಂಧಿ ಪಾಲಕ್ಕಾಡ್ ಕಣಿವೆ. ನೀಲಗಿರಿಗೂ ಆನೆಮಲೆಗೂ ನಡುವೆ ಘಟ್ಟವೇ ಕಡಿದುಹೋದಂತೆ 30ರಿಂದ 40 ಕಿ.ಮೀ. ಅಗಲದ ತಗ್ಗು. ಕೊಯಮತ್ತೂರಿನಿಂದ ಕೇರಳಕ್ಕೆ ರೈಲಿನಲ್ಲಿ ಹೋದವರಿಗೆ ಘಟ್ಟ ಇಳಿದ ಅನುಭವವೇ ಆಗದಿರುವುದು ಇದರಿಂದ. ಇಕ್ಕೆಲದ ಬೆಟ್ಟಗಳೋ ಎರಡೂವರೆ ಸಾವಿರ ಮೀಟರ್ ಮೀರಿದವು: ಉತ್ತರದಲ್ಲಿ 2,637 ಮೀ. ದೊಡ್ಡಬೆಟ್ಟ, ದಕ್ಷಿಣದಲ್ಲಿ 2,695 ಮೀ. ಆನೆಮುಡಿ. ಇನ್ನೂ ದಕ್ಷಿಣಕ್ಕೆ, ತೆಂಕಾಶಿಯಿಂದ ಕೊಲ್ಲಂಗೆ ಹೋಗುವ ದಾರಿಯಲ್ಲಿ ಸೆಂಗೋಟ್ಟೈ ಕಣಿವೆ, ಇದು ಕಿರಿದು. ನೀಲಗಿರಿಗೂ ಅದರ ವಾಯವ್ಯದ ವಯನಾಡು ಬೆಟ್ಟಗಳಿಗೂ ನಡುವೆ ಚಾಲಿಯಾರ್ ನದಿಯ ಕೊಳ್ಳ, ಅದು ಇನ್ನೂ ಸಣ್ಣದು.

ಮೂರು ಶೋಲಾಕಿಳಿಗಳ ಹಂಚಿಕೆಯನ್ನು ನಕ್ಷೆಯ ಮೇಲಿಟ್ಟರೆ ಗಡಿಗಳು ದೊಡ್ಡ ಎರಡು ಕಣಿವೆಗಳ ಮೇಲೇ ಬೀಳುತ್ತವೆ. ಪಾಲಕ್ಕಾಡಿನ ಉತ್ತರಕ್ಕೆ ನೀಲಗಿರಿಯದು. ಪಾಲಕ್ಕಾಡ್ ಮತ್ತು ಸೆಂಗೋಟ್ಟೈ ನಡುವಿನ ಆನೆಮಲೆ, ಪಳನಿ, ಮುನ್ನಾರಿನ ಎತ್ತರಗಳು, ಮೇಘಮಲೆ, ಇಲ್ಲೆಲ್ಲ ಬಿಳಿಹೊಟ್ಟೆಯದು. ಸೆಂಗೋಟ್ಟೈ ದಾಟಿದ ಮೇಲೆ ಆಶಾಂಬುವಿನದು. 2010ರಲ್ಲಿ ರಾಬಿನ್, ಅನಿಂದ್ಯ ಸಿನ್ಹಾ ಮತ್ತು ಉಮಾ ರಾಮಕೃಷ್ಣನ್ ವಂಶವಾಹಿಯ ಆಧಾರದಲ್ಲಿ ಈ ಗಡಿಗಳು ಎಷ್ಟು ಹಳೆಯವು, ಎಷ್ಟು ಆಳದವು ಎಂದು ತೋರಿಸಿದ್ದರು. ಬಲೆ ಹಾಕಿ ಹಿಡಿದ ಹಕ್ಕಿಯಿಂದ ಒಂದು ಹನಿ ರಕ್ತ ತೆಗೆದು, ಕಾಲಿಗೆ ಉಂಗುರ ತೊಡಿಸಿ ಬಿಟ್ಟುಬಿಡುವ ಕೆಲಸ ಇದು. ಮಂಜಿನಲ್ಲಿ, ಚಳಿಯಲ್ಲಿ, ಬೆಟ್ಟಬೆಟ್ಟ ಹತ್ತಿ ಇದನ್ನು ಮಾಡಿದವರ ಶ್ರಮವನ್ನು ಪ್ರಬಂಧದ ಒಣ ಕೋಷ್ಟಕಗಳು ಹೇಳುವುದಿಲ್ಲ.

ಹಾಗಾದರೆ ಎಲ್ಲ ಹಕ್ಕಿಗಳನ್ನೂ ಕಣಿವೆ ಹೀಗೇ ಸೀಳಿತೇ? 2015ರಲ್ಲಿ ಅದೇ ಬಳಗ ಇಡೀ ಬೆಟ್ಟಗಾಡಿನ ಹಕ್ಕಿ ಸಮುದಾಯವನ್ನೇ ಪರೀಕ್ಷೆಗೆ ಒಡ್ಡಿತು. ಒಂಬತ್ತು ಜಾಗಗಳ 356 ಹಕ್ಕಿಗಳು, 23 ಪ್ರಭೇದಗಳು. ಇವುಗಳಲ್ಲಿ ಅತಿ ಹಳೆಯ ಒಡಕು ಪಾಲಕ್ಕಾಡ್ ಕಣಿವೆಯ ಮೇಲೆ ಬಿದ್ದದ್ದು 10 ಪ್ರಭೇದಗಳಲ್ಲಿ. ಆ ಹತ್ತರಲ್ಲೇ ಕೆಲವು ಕಿರಿದಾದ ಕಣಿವೆಗಳಲ್ಲಿ ಮತ್ತೊಮ್ಮೆ, ಇತ್ತೀಚೆಗೆ, ಒಡೆದಿದ್ದವು. ಉಳಿದ ಹದಿಮೂರಕ್ಕೆ ಕಣಿವೆ ಇದ್ದೂ ಇಲ್ಲದಂತೆ. ಆದ್ದರಿಂದ ಕಣಿವೆಯಷ್ಟೇ ಮುಖ್ಯವಾದದ್ದು ಹಕ್ಕಿಯ ಸ್ವಭಾವ. ದೂರ ಹಾರುವುದಕ್ಕೂ, ಬಿಸಿಲು ಸಹಿಸುವುದಕ್ಕೂ, ಕಾಡಿಲ್ಲದ ಕಡೆ ತಂಗುವುದಕ್ಕೂ ಸಿದ್ಧವಿಲ್ಲದ್ದನ್ನು ಕಣಿವೆ ಎರಡಾಗಿಸುತ್ತದೆ. ಶೋಲಾಕಿಳಿ ಆ ಸ್ವಭಾವದ ಪರಮಾವಧಿ.

ಇದಕ್ಕೆ ಹವೆಯ ಏರಿಳಿತವೂ ಸೇರಿಕೊಂಡಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಜೊತೆಗಾರರು ನೀಲಗಿರಿಯ ಜೌಗಿನ ಕೊಳೆಮಣ್ಣನ್ನು ಆಳದವರೆಗೆ ಕೊರೆದು, ಅದರ ಇಂಗಾಲದ ಐಸೊಟೋಪ್‌ಗಳನ್ನು ಅಳೆದು 1993ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧ. ಕಳೆದ ಇಪ್ಪತ್ತು ಸಾವಿರ ವರ್ಷಗಳಲ್ಲಿ ಒಣ ಕಾಲದಲ್ಲಿ ಹುಲ್ಲು ಮೇಲುಗೈ ಪಡೆದದ್ದು, ತೇವ ಮರಳಿದಾಗ ಕಾಡು ಹಬ್ಬಿದ್ದು ಅದರಲ್ಲಿ ಓದಿಸಿಕೊಳ್ಳುತ್ತದೆ. ಕಾಡು ಹಿಗ್ಗಿದಾಗ ದ್ವೀಪಗಳು ಹತ್ತಿರವಾದವು, ಕುಗ್ಗಿದಾಗ ದೂರವಾದವು. ಹೀಗೆ ಕೂಡಿಸಿ ಬಿಡಿಸುವ ಆಟ ಲಕ್ಷಾಂತರ ವರ್ಷ ನಡೆದಿದೆ. ಹುಲ್ಲು ಮತ್ತು ಕಾಡಿನ ಹಂಚಿಕೆ ಮನುಷ್ಯ ಕಾಡು ಕಡಿದದ್ದರಿಂದ ಆದದ್ದೆಂಬ ಹಳೆಯ ನಂಬಿಕೆಗೂ ಇದು ಉತ್ತರ. ಹುಲ್ಲುಗಾವಲು ಶೋಲಾದಷ್ಟೇ ಹಳೆಯದು, ಹಾಳುಬಿದ್ದ ನೆಲವಲ್ಲ.

ಕನ್ನಡ ನಾಡಿನಲ್ಲಿ

ಬಾಬಾಬುಡನ್‌ಗಿರಿ, ಮುಳ್ಳಯ್ಯನಗಿರಿ, ಕೆಮ್ಮಣ್ಣುಗುಂಡಿ ಸೇರಿದ ಚಂದ್ರದ್ರೋಣ ಪರ್ವತದ ಸಾಲು ಶೋಲಾಕಿಳಿಯ ಉತ್ತರದ ನೆಲೆ. ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀ. ಎಂದರೆ ಶೋಲಾ ಶುರುವಾಗುವ 1,400 ಮೀಟರಿನಿಂದ ಲೆಕ್ಕ ಹಾಕಿದರೆ, ನೀಲಗಿರಿಯಲ್ಲಿ ಈ ಹಕ್ಕಿಗೆ ಏರಲು ಇರುವ ಎತ್ತರದಲ್ಲಿ ಅರ್ಧದಷ್ಟೂ ಇಲ್ಲಿಲ್ಲ. ಕೆಳಗಿನಿಂದ ಕಾಫಿ ತೋಟ ಏರುತ್ತ ಬಂದು ನಿಂತ ಮೇಲೆ, ಶಿಖರದ ಹುಲ್ಲು ಶುರುವಾಗುವ ಮೊದಲು, ಕಣಿವೆಯ ಮಡಿಕೆಗಳಲ್ಲಿ ಉಳಿದ ಕಾಡಿನ ಪಟ್ಟಿಗಳೇ ಇದರ ಮನೆ. ಭಾರತದಲ್ಲಿ ಕಾಫಿ ಮೊದಲು ಬೇರೂರಿದ್ದು ಈ ಬೆಟ್ಟದಲ್ಲೇ ಎಂಬ ಐತಿಹ್ಯವಿದೆ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಅರಬ್ ನಾಡಿನಿಂದ ಬೀಜ ತಂದರೆಂಬ ಕತೆ ಎಲ್ಲರಿಗೂ ಗೊತ್ತಿದ್ದದ್ದೇ. ನೆರಳಿನ ತೋಟ ಅನೇಕ ಕಾಡುಹಕ್ಕಿಗಳಿಗೆ ಆಸರೆಯಾಗಿದೆ ನಿಜ. ಆದರೆ ತೋಟದಲ್ಲಿ ಕಳೆ ಸವರಿ ನೆಲ ಚೊಕ್ಕಟ ಮಾಡುತ್ತಾರೆ, ಶೋಲಾಕಿಳಿಗೆ ಬೇಕಾದ ತಗ್ಗು ಪೊದೆ ಮೊದಲು ಹೋಗುವುದು ಅಲ್ಲೇ. ಕೆಮ್ಮಣ್ಣುಗುಂಡಿಯ ಅದಿರು ಹಿಂದೆ ಭದ್ರಾವತಿಯ ಉಕ್ಕಿನ ಕಾರ್ಖಾನೆಗೆ ಹೋಗುತ್ತಿತ್ತು. ಈಗ ಬೆಟ್ಟಕ್ಕೆ ಬರುವುದು ವಾರಾಂತ್ಯದ ವಾಹನಗಳ ಸಾಲು.

ಇಲ್ಲಿಂದ ನೇರ ಗೆರೆಯಲ್ಲಿ ಸುಮಾರು 160 ಕಿ.ಮೀ. ದಕ್ಷಿಣಕ್ಕೆ, ಕೇರಳದ ಗಡಿಯಲ್ಲಿ ಬ್ರಹ್ಮಗಿರಿ. ಇರ್ಪು ಜಲಪಾತದ ಮೇಲಿನ ಕಾಡು ಹತ್ತಿದರೆ ಹುಲ್ಲುಬೆಟ್ಟ, ಅದರ ಮಡಿಕೆಗಳಲ್ಲಿ ಶೋಲಾ. ಶಿಖರ 1,608 ಮೀ. ಲಕ್ಷ್ಮಣತೀರ್ಥ ಹುಟ್ಟುವುದು ಇಲ್ಲೇ. ಶೋಲಾಕಿಳಿಯ ಜೊತೆಗೆ ಇಲ್ಲಿ ಬಾಣಾಸುರ ನಗೆಮಲ್ಲವೂ ಇದೆ. ಬ್ರಹ್ಮಗಿರಿ ಮತ್ತು ವಯನಾಡಿನ ಬಾಣಾಸುರ ಬೆಟ್ಟಗಳ ಸುತ್ತಮುತ್ತ ಬಿಟ್ಟರೆ ಅದು ಇನ್ನೆಲ್ಲೂ ಇಲ್ಲ. ಕರ್ನಾಟಕದಲ್ಲಿ ಹಕ್ಕಿ ನೋಡುವವರು ಈ ಬೆಟ್ಟಕ್ಕೆ ಕೊಡುವ ಗಮನ ಕಬಿನಿಗೆ ಕೊಡುವುದರ ನೂರನೇ ಒಂದು ಪಾಲೂ ಇರಲಾರದು.

ಒತ್ತಡ ಮತ್ತು ರಕ್ಷಣೆ

ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿಯಲ್ಲಿ ನೀಲಗಿರಿ ಶೋಲಾಕಿಳಿ ಅಳಿವಿನಂಚಿನ ದರ್ಜೆಯಲ್ಲಿದೆ, ಬಿಳಿಹೊಟ್ಟೆಯದು ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ದುರ್ಬಲ ದರ್ಜೆಯಲ್ಲಿ. ಬೇಟೆ, ಪಂಜರದ ವ್ಯಾಪಾರ ಇವಕ್ಕೆ ತೊಂದರೆ ಕೊಟ್ಟದ್ದಲ್ಲ. ನೆಲೆ ಸಣ್ಣದು, ತುಂಡುತುಂಡು, ಅದೂ ಕುಗ್ಗುತ್ತಿದೆ.

ಬ್ರಿಟಿಷರ ಕಾಲದಿಂದ ಈ ಎತ್ತರಗಳ ಹುಲ್ಲನ್ನು ಖಾಲಿ ಜಾಗವೆಂದು ಬಗೆದು ವ್ಯಾಟಲ್, ನೀಲಗಿರಿ ಮರ, ಪೈನ್ ನೆಟ್ಟರು. ಸ್ವಾತಂತ್ರ್ಯಾನಂತರ ನಾರು, ತೊಗಟೆ, ಸೌದೆಗಾಗಿ ನೆಡುವುದು ಇನ್ನೂ ಹೆಚ್ಚಿತು. ಪಳನಿ ಬೆಟ್ಟಗಳಲ್ಲಿ ನಾಲ್ಕು ದಶಕಗಳಲ್ಲಿ ಹುಲ್ಲುಗಾವಲಿನ ಮೂರನೇ ಎರಡು ಭಾಗ ತೋಪು ಮತ್ತು ಬೇಸಾಯಕ್ಕೆ ಹೋಗಿದೆ ಎಂದು ಉಪಗ್ರಹ ಚಿತ್ರಗಳ ಆಧಾರದ 2018ರ ಅಧ್ಯಯನ ತೋರಿಸಿತು. ಹುಲ್ಲು ಹೋದರೆ ಕಾಡಿನ ಹಕ್ಕಿಗೇನು ಎನ್ನಬಹುದು. ಶೋಲಾದ ಝರಿಗೆ ನೀರು ಇಂಗಿಸಿ ಕೊಡುವುದು ಸುತ್ತಲಿನ ಹುಲ್ಲು, ನೀರು ಹೀರುವ ತೋಪಲ್ಲ. ಜೊತೆಗೆ, ಟೀ ತೋಟ, ಊರು, ರಸ್ತೆಗಳು ತುಣುಕುಗಳ ನಡುವಿನ ಅಂತರ ಹಿಗ್ಗಿಸಿವೆ. ಆನೆಮಲೆ ಮತ್ತು ಪಳನಿಯ ಎರಡು ಹಕ್ಕಿಗಳ ಮೇಲೆ 2015ರಲ್ಲೇ ಬಂದ ಇನ್ನೊಂದು ಅಧ್ಯಯನ ಇದರ ಗುರುತನ್ನು ರಕ್ತದಲ್ಲೇ ಕಂಡಿತು. ನಗೆಮಲ್ಲಕ್ಕಿಂತ ಶೋಲಾಕಿಳಿಯಲ್ಲಿ ಇತ್ತೀಚಿನ ಕಾಡುನಾಶದ ಕಾರಣದ ಅಗಲಿಕೆ ಹೆಚ್ಚು ಸ್ಪಷ್ಟವಾಗಿತ್ತು. ಪಾಲಕ್ಕಾಡ್ ಕಣಿವೆ ಯುಗಗಟ್ಟಲೆ ತೆಗೆದುಕೊಂಡು ಮಾಡಿದ ಕೆಲಸಕ್ಕೆ ಟೀ ತೋಟ ಶತಮಾನದೊಳಗೇ ಕೈಹಾಕಿದೆ. ವ್ಯತ್ಯಾಸವೆಂದರೆ ಕಣಿವೆ ಬೇರ್ಪಡಿಸಿದ ಎರಡು ಗುಂಪುಗಳೂ ದೊಡ್ಡವಾಗಿದ್ದವು, ಹೊಸ ಪ್ರಭೇದಗಳಾಗುವ ತನಕ ಬಾಳಿದವು. ಐದಾರು ಎಕರೆಯ ತುಣುಕಿನಲ್ಲಿ ಸಿಕ್ಕಿಕೊಂಡ ಬೆರಳೆಣಿಕೆಯ ಜೋಡಿಗಳಿಗೆ ಅಷ್ಟು ಕಾಲಾವಕಾಶ ಸಿಗದು.

ತಾಪ ಏರಿದಂತೆ ಬೆಟ್ಟದ ಜೀವಿಗಳು ಮೇಲಕ್ಕೆ ಸರಿಯುತ್ತವೆ. ಆನೆಮುಡಿಯ ಬಳಿ ಇನ್ನೂ ಎತ್ತರ ಉಳಿದಿದೆ. ಬಾಬಾಬುಡನ್‌ಗಿರಿಯ ಮತ್ತು ಬ್ರಹ್ಮಗಿರಿಯ ಹಕ್ಕಿಗಳು ಈಗಾಗಲೇ ಮೇಲ್ತುದಿಯ ಹತ್ತಿರ ಇವೆ.

ನೀಲಗಿರಿಯ ಮುಕುರ್ತಿ, ಮುನ್ನಾರಿನ ಎರವಿಕುಳಂ ರಾಷ್ಟ್ರೀಯ ಉದ್ಯಾನಗಳು, ಕೊಡಗಿನ ಬ್ರಹ್ಮಗಿರಿ ವನ್ಯಧಾಮ ಶೋಲಾಗಳ ಒಂದಷ್ಟು ಭಾಗವನ್ನು ಕಾಪಾಡಿವೆ. ತಮಿಳುನಾಡಿನಲ್ಲಿ ವ್ಯಾಟಲ್ ಮುಂತಾದ ಪರದೇಶಿ ಗಿಡ ತೆಗೆಯುವ ಕೆಲಸ ನ್ಯಾಯಾಲಯದ ಆದೇಶದ ಮೇಲೆ ನಡೆದಿದೆ. ಅದರಲ್ಲೂ ಒಂದು ತೊಡಕಿದೆ. ಹಳೆಯ ವ್ಯಾಟಲ್ ತೋಪಿನ ನೆರಳಲ್ಲಿ ಶೋಲಾ ಸಸಿಗಳು ತಾವಾಗಿಯೇ ಏಳುವುದುಂಟು, ಒಮ್ಮೆಗೇ ಬೋಳಿಸಿದರೆ ಆ ಸಸಿಗಳೂ ಅವುಗಳ ಅಡಿಯ ಪೊದೆಯೂ ಹೋಗುತ್ತವೆ, ಖಾಲಿಯಾದ ನೆಲಕ್ಕೆ ವ್ಯಾಟಲ್ಲೇ ಇನ್ನಷ್ಟು ದಟ್ಟವಾಗಿ ಮರಳುತ್ತದೆ. ಹುಲ್ಲಿನ ಜಾಗದಲ್ಲಿ ಕೀಳಬೇಕು, ಕಾಡಿನ ಅಂಚಿನಲ್ಲಿ ತಾಳಬೇಕು ಎಂಬ ಬೆಟ್ಟ ಬಲ್ಲವರ ಮಾತು ಗುತ್ತಿಗೆಯ ಲೆಕ್ಕಕ್ಕೆ ಸುಲಭವಾಗಿ ಹೊಂದುವುದಿಲ್ಲ.

ಆಶಾಂಬು ಶೋಲಾಕಿಳಿಯನ್ನು ಎಲ್ಲ ಪಟ್ಟಿಗಳೂ ಪ್ರತ್ಯೇಕ ಪ್ರಭೇದವೆಂದು ಒಪ್ಪಿಲ್ಲ, ಬಿಳಿಹೊಟ್ಟೆಯದರ ಉಪಪ್ರಭೇದವೆಂದು ಎಣಿಸುವವರೂ ಇದ್ದಾರೆ. ವರ್ಗೀಕರಣದವರ ಈ ಜಗಳ ದೂರದಿಂದ ಕೂದಲು ಸೀಳಿದಂತೆ ಕಂಡೀತು. ಆದರೆ ಕೆಂಪುಪಟ್ಟಿ ಅಳೆಯುವುದು ಪ್ರಭೇದದ ಲೆಕ್ಕದಲ್ಲಿ. ಉಪಪ್ರಭೇದವಾದರೆ ಅಗಸ್ತ್ಯಮಲೆಯ ಸಣ್ಣ ಸಂತತಿ ಆನೆಮಲೆಯ ದೊಡ್ಡ ಸಂಖ್ಯೆಯೊಳಗೆ ಸೇರಿ ಮರೆಯಾಗುತ್ತದೆ, ಪ್ರಭೇದವಾದರೆ ತನ್ನ ಬೆಟ್ಟದ ಲೆಕ್ಕವನ್ನು ತಾನೇ ಕೊಡಬೇಕಾಗುತ್ತದೆ.